ಪರಿಸರ ಬಿಕ್ಕಟ್ಟು ಮತ್ತು ಮತಧರ್ಮಗಳು

ಕಾಡುಗಳ ನಾಶ, ಜೀವಸಂಕುಲಗಳ ಅಳಿವು, ನದಿಗಳ ಮಾಲಿನ್ಯ, ಭೂಮಿಯ ತಾಪದ ಏರಿಕೆ ಎಲ್ಲವೂ ಕೂಡಿ ಒದಗಿರುವ ಬಿಕ್ಕಟ್ಟಿಗೆ ಲೋಕದ ಮತಧರ್ಮಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ನಾನಾ ಬಗೆಯಲ್ಲಿ ಸ್ಪಂದಿಸಿವೆ. ಈ ಸ್ಪಂದನವನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಪವಿತ್ರ ಗ್ರಂಥಗಳನ್ನು ಹೊಸದಾಗಿ ಓದಿ ಮನುಷ್ಯನಿಗೂ ಸೃಷ್ಟಿಗೂ ಇರುವ ಸಂಬಂಧವನ್ನು ಮರುವಿಚಾರ ಮಾಡುವುದು ಮೊದಲನೆಯದು. ವ್ರತ, ದೀಕ್ಷೆ, ಯಾತ್ರೆ, ಹಬ್ಬಗಳನ್ನು ಪರಿಸರ ರಕ್ಷಣೆಗೆ ಒಗ್ಗಿಸಿಕೊಳ್ಳುವುದು ಎರಡನೆಯದು. ಮಠ, ಚರ್ಚು, ಮಸೀದಿ, ಗುರುದ್ವಾರಗಳ ಜಮೀನು, ಹಣ ಮತ್ತು ಜನಬಲವನ್ನು ಈ ಕೆಲಸಕ್ಕೆ ತೊಡಗಿಸುವುದು ಮೂರನೆಯದು. ಘೋಷಣೆಗಳಿಗೆ ಬರವಿಲ್ಲ. ನೆಲದ ಮೇಲೆ ಫಲ ಕಂಡಿರುವುದು ಮಾತ್ರ ಬಹುಮಟ್ಟಿಗೆ ಭಕ್ತಿಯು ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು, ಅಲ್ಲಿಯ ಜನ ಕೂಡಿ ಪಾಲಿಸುವ ಕಟ್ಟುಪಾಡಾಗಿ ಇಳಿದ ಕಡೆಗಳಲ್ಲಿ. ವಿವಿಧ ಪರಂಪರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎದ್ದುಕಾಣುವ ಅಂಶ ಇದು.

ಚರ್ಚೆಯ ಹುಟ್ಟು

ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಆಧುನಿಕ ಚರ್ಚೆಗೆ ನಾಂದಿಯಾಯಿತು. ಪಶ್ಚಿಮದ ಕ್ರೈಸ್ತಧರ್ಮ ಮನುಷ್ಯನನ್ನು ಸೃಷ್ಟಿಯ ಕೇಂದ್ರದಲ್ಲಿ ಕೂರಿಸಿತು, ಉಳಿದುದೆಲ್ಲ ಅವನ ಉಪಯೋಗಕ್ಕಾಗಿಯೇ ಇದೆ ಎಂಬ ಭಾವನೆಗೆ ಇಂಬುಕೊಟ್ಟಿತು, ಆಧುನಿಕ ವಿಜ್ಞಾನ ಮತ್ತು ತಂತ್ರಜ್ಞಾನ ಬೆಳೆದದ್ದು ಆ ನೆಲದಲ್ಲೇ ಎಂಬುದು ಅವರ ವಾದ. ರೋಗದ ಬೇರು ಧಾರ್ಮಿಕವಾದುದರಿಂದ ಮದ್ದೂ ಧಾರ್ಮಿಕವಾಗಿರಬೇಕೆಂದು ಹೇಳಿ, ಪಶುಪಕ್ಷಿಗಳನ್ನು ಒಡಹುಟ್ಟಿದವರೆಂದು ಕಂಡ ಅಸಿಸಿಯ ಸಂತ ಫ್ರಾನ್ಸಿಸರನ್ನು ಅವರು ಆದರ್ಶವಾಗಿ ಮುಂದಿಟ್ಟರು. ಇರಾನ್ ಮೂಲದ ಚಿಂತಕ ಸೈಯದ್ ಹೊಸೈನ್ ನಸ್ರ್ 1966ರಲ್ಲೇ ಶಿಕಾಗೊ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ಪ್ರಕೃತಿಯ ಬಿಕ್ಕಟ್ಟು ಆಧುನಿಕ ಮಾನವನ ಆಧ್ಯಾತ್ಮಿಕ ಬಿಕ್ಕಟ್ಟಿನ ಹೊರಮುಖವೆಂದು ಪ್ರತಿಪಾದಿಸಿದ್ದರು.

ವೈಟ್ ಅವರಿಗೆ ಬೇಗನೆ ಉತ್ತರವೂ ಬಂತು. ಭೂಗೋಳತಜ್ಞ ಯಿ-ಫು ಟುವಾನ್ 1968ರಲ್ಲಿ ಚೀನದ ಉದಾಹರಣೆ ಕೊಟ್ಟರು. ಪ್ರಕೃತಿಯೊಡನೆ ಸಾಮರಸ್ಯವನ್ನು ಬೋಧಿಸಿದ ತಾವೋ ಮತ್ತು ಬೌದ್ಧ ಪರಂಪರೆಗಳ ನಾಡಿನಲ್ಲೂ ಬೆಟ್ಟಗಳು ಬೋಳಾಗಿದ್ದವು. ಬೌದ್ಧರ ಶವದಹನ ಪದ್ಧತಿಯೇ ಸೌದೆಯ ಬೇಡಿಕೆಯನ್ನು ಹೆಚ್ಚಿಸಿತ್ತು. ಬೋಧೆಗೂ ಬಾಳಿಗೂ ನಡುವಿನ ಈ ಅಂತರ ಇಂದಿಗೂ ಈ ಕ್ಷೇತ್ರದ ಮೂಲ ಪ್ರಶ್ನೆಯಾಗಿ ಉಳಿದಿದೆ.

1986ರ ಸೆಪ್ಟೆಂಬರ್‌ನಲ್ಲಿ ವಿಶ್ವ ವನ್ಯಜೀವಿ ನಿಧಿ ತನ್ನ 25ನೆಯ ವರ್ಷದ ಸಂದರ್ಭದಲ್ಲಿ, ಅದರ ಅಧ್ಯಕ್ಷರಾಗಿದ್ದ ಬ್ರಿಟನ್ನಿನ ರಾಜಕುಮಾರ ಫಿಲಿಪ್ ಅವರ ಒತ್ತಾಸೆಯಿಂದ, ಇಟಲಿಯ ಅಸಿಸಿಯಲ್ಲಿ ಬೌದ್ಧ, ಕ್ರೈಸ್ತ, ಹಿಂದೂ, ಇಸ್ಲಾಂ, ಯಹೂದಿ ಮುಖಂಡರನ್ನು ಸೇರಿಸಿತು. ಐವರೂ ತಮ್ಮ ತಮ್ಮ ಪರಂಪರೆಯ ಆಧಾರದ ಮೇಲೆಯೇ ಪ್ರಕೃತಿ ರಕ್ಷಣೆಯ ಘೋಷಣೆಗಳನ್ನು ಹೊರಡಿಸಿದರು. ಇದರ ಮುಂದುವರಿಕೆಯಾಗಿ 1995ರಲ್ಲಿ ಹುಟ್ಟಿದ ಧರ್ಮಗಳು ಮತ್ತು ಸಂರಕ್ಷಣೆಯ ಒಕ್ಕೂಟ 2019ರವರೆಗೆ ಕೆಲಸ ಮಾಡಿತು. ಮೇರಿ ಎವೆಲಿನ್ ಟಕರ್ ಮತ್ತು ಜಾನ್ ಗ್ರಿಮ್ 1996ರಿಂದ 1998ರವರೆಗೆ ಹಾರ್ವರ್ಡ್‌ನಲ್ಲಿ ನಡೆಸಿದ ಸಮ್ಮೇಳನಮಾಲೆಯಿಂದ ಧರ್ಮ ಮತ್ತು ಪರಿಸರದ ಅಧ್ಯಯನ ಒಂದು ಶಾಸ್ತ್ರವಾಗಿ ನೆಲೆಗೊಂಡಿತು.

ಕ್ರೈಸ್ತ ಪರಂಪರೆಗಳು

ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನ ದೊರೆಯುತ್ತದೆ. ಎರಡನೆಯ ಅಧ್ಯಾಯದಲ್ಲಿ ಅವನನ್ನು ತೋಟದಲ್ಲಿ ಇರಿಸುವುದು ಅದನ್ನು ಸಾಗುಮಾಡಿ ಕಾಯಲಿಕ್ಕೆ. ಕ್ರೈಸ್ತ ಪರಿಸರ ಚಿಂತನೆ ಬಹುಪಾಲು ಈ ಎರಡನೆಯ ಮಾತನ್ನು ಆಧರಿಸಿದೆ. ಮನುಷ್ಯ ಒಡೆಯನಲ್ಲ, ಮೇಲ್ವಿಚಾರಕ. ಕೊನೆಗೆ ಲೆಕ್ಕ ಒಪ್ಪಿಸಬೇಕಾದವನು ಎಂಬುದು ಅದರ ತಿರುಳು.

ಪೂರ್ವದ ಆರ್ಥಡಾಕ್ಸ್ ಸಭೆ ಈ ಕೆಲಸದಲ್ಲಿ ಮುಂಚೂಣಿಯಲ್ಲಿದೆ. ಕಾನ್‌ಸ್ಟಾಂಟಿನೋಪಲ್ಲಿನ ಕುಲಪಿತ ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಅವರ ನಂತರ 1991ರಲ್ಲಿ ಪೀಠಕ್ಕೆ ಬಂದ ಬಾರ್ತೊಲೊಮೆಯೋ 1997ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ ಪ್ರಕೃತಿಯನ್ನು ಹಾಳುಗೆಡವುವುದು ಪಾಪವೆಂದೇ ಘೋಷಿಸಿದರು. ಅದುವರೆಗೆ ವ್ಯಕ್ತಿಗಳ ನಡುವಿನ ವ್ಯವಹಾರಕ್ಕೆ ಮೀಸಲಾಗಿದ್ದ ಪಾಪದ ಕಲ್ಪನೆ ಗಾಳಿ, ನೀರು, ಕಾಡುಗಳಿಗೂ ವಿಸ್ತರಿಸಿತು. ಕಪ್ಪು ಸಮುದ್ರ, ಡ್ಯಾನ್ಯೂಬ್, ಅಮೆಜಾನ್, ಆರ್ಕ್ಟಿಕ್ ಪ್ರದೇಶಗಳಲ್ಲಿ ಹಡಗಿನ ಮೇಲೆಯೇ ವಿಜ್ಞಾನಿಗಳನ್ನೂ ಧರ್ಮಗುರುಗಳನ್ನೂ ಕೂರಿಸಿ ಅವರು ಗೋಷ್ಠಿಗಳನ್ನು ನಡೆಸಿದರು.

ಕ್ಯಾಥೊಲಿಕ್ ಸಭೆಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್ 1979ರಲ್ಲಿ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕಸಂತರೆಂದು ಹೆಸರಿಸಿದರು. ಲ್ಯಾಟಿನ್ ಅಮೆರಿಕದ ವಿಮೋಚನಾ ಚಿಂತಕ ಲಿಯೊನಾರ್ಡೊ ಬೋಫ್ ಬಡವರ ಗೋಳನ್ನೂ ಭೂಮಿಯ ಗೋಳನ್ನೂ ಒಂದಾಗಿ ಕೇಳಬೇಕೆಂದರು. ಪೋಪ್ ಫ್ರಾನ್ಸಿಸ್ 2015ರ ಜೂನ್ 18ರಂದು ಪ್ರಕಟಿಸಿದ ‘ಲಾವ್ದಾತೊ ಸೀ’ ಎಂಬ ಪತ್ರ ಈ ಎಳೆಗಳನ್ನು ಕೂಡಿಸಿತು. ಪ್ರಕೃತಿಯ ಹಾನಿ ಮತ್ತು ಸಮಾಜದ ಅನ್ಯಾಯ ಎರಡು ಬೇರೆ ಬೇರೆ ಸಮಸ್ಯೆಗಳಲ್ಲ ಎಂದ ಆ ಪತ್ರ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಪರಿಸರದ ಸಾಲ ತೀರಿಸಬೇಕಿದೆ ಎಂದೂ ಹೇಳಿತು. ಕ್ರೈಸ್ತರಿಗಷ್ಟೇ ಅಲ್ಲದೆ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಬರೆದ ಪತ್ರವಾಗಿತ್ತು. ಅದೇ ವರ್ಷಾಂತ್ಯದಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದವಾಯಿತು. ಎಂಟು ವರ್ಷಗಳ ಬಳಿಕ, 2023ರ ಅಕ್ಟೋಬರ್ 4ರಂದು ಹೊರಬಂದ ‘ಲಾವ್ದಾತೆ ದೇವುಂ’ನಲ್ಲಿ ಲೋಕದ ಸ್ಪಂದನ ಏನೇನೂ ಸಾಲದೆಂಬ ನೋವು ಕಾಣುತ್ತದೆ. ಈ ಹಾದಿಯಲ್ಲಿ ಪ್ರಾಣ ತೆತ್ತವರೂ ಇದ್ದಾರೆ: ಬ್ರೆಜಿಲಿನ ಅನಾಪು ಪ್ರದೇಶದಲ್ಲಿ ಸಣ್ಣ ರೈತರ ಹಾಗೂ ಕಾಡಿನ ಪರ ನಿಂತಿದ್ದ ಸನ್ಯಾಸಿನಿ ಡೊರೊಥಿ ಸ್ಟ್ಯಾಂಗ್ ಅವರನ್ನು 2005ರ ಫೆಬ್ರವರಿಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಪ್ರಾಟೆಸ್ಟೆಂಟ್ ಸಭೆಗಳನ್ನೂ ಒಳಗೊಂಡ ವಿಶ್ವ ಚರ್ಚುಗಳ ಮಂಡಳಿ 1983ರ ವ್ಯಾಂಕೂವರ್ ಸಭೆಯಿಂದ ನ್ಯಾಯ, ಶಾಂತಿ, ಸೃಷ್ಟಿಯ ಸಮಗ್ರತೆ ಮೂರನ್ನೂ ಒಂದೇ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. 2014ರಲ್ಲಿ ಪಳೆಯುಳಿಕೆ ಇಂಧನಗಳಲ್ಲಿ ತನ್ನ ಹಣ ತೊಡಗಿಸದಿರಲು ತೀರ್ಮಾನಿಸಿತು.

ಕ್ರೈಸ್ತ ಪರಂಪರೆಯ ಅತ್ಯಂತ ಮೂರ್ತವಾದ ಉದಾಹರಣೆ ಇಥಿಯೋಪಿಯದಲ್ಲಿದೆ. ದೇಶದ ಉತ್ತರದ ಎತ್ತರದ ನಾಡಿನಲ್ಲಿ ಸಹಜ ಕಾಡು ಬಹುತೇಕ ಅಳಿದು ಹೊಲ, ಗೋಮಾಳಗಳಾಗಿವೆ. ನಡುನಡುವೆ ಹಸಿರು ದುಂಡು ದ್ವೀಪಗಳಂತೆ ಕಾಣುವವು ಆರ್ಥಡಾಕ್ಸ್ ತೆವಾಹೆದೊ ಚರ್ಚುಗಳ ಸುತ್ತಲಿನ ಕಾಡುಗಳು. ದೇವಾಲಯಕ್ಕೆ ಮರಗಳೇ ಹೊದಿಕೆ ಎಂಬ ನಂಬಿಕೆಯಿಂದ ಶತಮಾನಗಳ ಕಾಲ ಉಳಿದ ಇವುಗಳಿಗೆ ಈಚೆಗೆ ದನಕರುಗಳ ಮೇವು, ಉಳುಮೆಯ ಒತ್ತುವರಿಗಳ ಅಪಾಯ ಒದಗಿತ್ತು. ಅರಣ್ಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ ಮತ್ತು ಅಮೆರಿಕದ ಮೆಗ್ ಲೋಮನ್ ಪಾದ್ರಿಗಳೊಡನೆ ಕೂತು ಮಾತಾಡಿದರು. ಕಾಡಿನ ಸುತ್ತ ಕಲ್ಲಿನ ಪೌಳಿ ಕಟ್ಟುವ ತೀರ್ಮಾನವಾಯಿತು. ಕಲ್ಲು ಬಂದದ್ದು ಅಕ್ಕಪಕ್ಕದ ಹೊಲಗಳಿಂದಲೇ. ರೈತರ ಹೊಲ ಹಸನಾಯಿತು, ದನ ಒಳನುಗ್ಗುವುದು ತಪ್ಪಿತು, ಪೌಳಿಯೊಳಗೆ ಸಸಿಗಳು ತಲೆಯೆತ್ತಿದವು. ಕಾಡು ಉಳಿಸಲು ಹೊಸ ದೇವತಾಶಾಸ್ತ್ರವನ್ನು ಯಾರೂ ಬರೆಯಬೇಕಾಗಲಿಲ್ಲ. ಇದ್ದ ಭಕ್ತಿಗೆ ಒಂದು ಗಡಿ ಸಿಕ್ಕಿತು.

ಯಹೂದಿ ಪರಂಪರೆ

ಮುತ್ತಿಗೆ ಹಾಕಿದ ಊರಿನ ಹಣ್ಣಿನ ಮರಗಳನ್ನು ಕಡಿಯಬಾರದೆಂಬ ಧರ್ಮೋಪದೇಶಕಾಂಡದ ನಿಯಮವನ್ನು ರಬ್ಬಿಗಳು ಬಳಕೆಗೆ ಬರುವ ಯಾವುದನ್ನೂ ವ್ಯರ್ಥವಾಗಿ ಹಾಳುಮಾಡಬಾರದೆಂಬ ವಿಶಾಲ ತತ್ವವಾಗಿ ಬೆಳೆಸಿದರು. ವಾರಕ್ಕೊಂದು ದಿನ ದುಡಿಮೆ ನಿಲ್ಲಿಸುವ ಸಬ್ಬತ್, ಏಳು ವರ್ಷಕ್ಕೊಮ್ಮೆ ಹೊಲವನ್ನು ಬೀಳುಬಿಡುವ ಶ್ಮಿತ ಇವು ಮನುಷ್ಯನ ಉತ್ಪಾದನೆಗೆ ಕಾಲದ ಮಿತಿ ಹಾಕುತ್ತವೆ. ಶ್ಮಿತದ ವರ್ಷ ತಾನಾಗಿ ಬೆಳೆದುದರ ಮೇಲೆ ಬಡವರಿಗೂ ಪ್ರಾಣಿಗಳಿಗೂ ಹಕ್ಕಿದೆ. ತೀರ ಈಚಿನ ಶ್ಮಿತ 2021–22ರಲ್ಲಿ ಬಂದಾಗ ಇಸ್ರೇಲಿನಾಚೆಯ ಯಹೂದಿ ಸಮುದಾಯಗಳಲ್ಲೂ ಅದು ಭೋಗದ ಮಿತಿಯ ಬಗೆಗಿನ ವಿಚಾರಕ್ಕೆ ನೆಪವಾಯಿತು. ಮರಗಳ ಹೊಸವರ್ಷವಾದ ತು ಬಿಶ್ವಾತ್ ಪರಿಸರದ ಹಬ್ಬವಾಗಿ ಹೊಸ ಹುರುಪು ಪಡೆದಿದೆ.

ಇಸ್ಲಾಂ

ಮನುಷ್ಯ ಭೂಮಿಯ ಮೇಲೆ ದೇವರ ಪ್ರತಿನಿಧಿ (ಖಲೀಫ), ಸೃಷ್ಟಿ ಅವನ ವಶಕ್ಕೆ ಒಪ್ಪಿಸಿದ ನ್ಯಾಸ (ಅಮಾನತ್), ಎಲ್ಲಕ್ಕೂ ಒಂದು ತೂಕ ಇದೆ (ಮೀಜಾನ್) ಎಂಬ ಮೂರು ಕಲ್ಪನೆಗಳ ಮೇಲೆ ಇಸ್ಲಾಮೀ ಪರಿಸರ ಚಿಂತನೆ ನಿಂತಿದೆ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲಿನಲ್ಲಿ ಸೇರಿದ ವಿದ್ವಾಂಸರು ಹವಾಮಾನ ಬದಲಾವಣೆಯ ಬಗ್ಗೆ ಘೋಷಣೆ ಹೊರಡಿಸಿ, ಶ್ರೀಮಂತ ದೇಶಗಳೂ ತೈಲ ಉತ್ಪಾದಿಸುವ ದೇಶಗಳೂ ಹಸಿರುಮನೆ ಅನಿಲಗಳನ್ನು ತೊಡೆದುಹಾಕುವುದರಲ್ಲಿ ಮುಂದಾಗಬೇಕೆಂದು ಕೇಳಿಕೊಂಡರು. ಇದೇ ಸಾಲಿನಲ್ಲಿ 2024ರಲ್ಲಿ ‘ಅಲ್-ಮೀಜಾನ್’ ಎಂಬ ಒಡಂಬಡಿಕೆ ಬಿಡುಗಡೆಯಾಯಿತು.

ಶರೀಅತ್‌ನಲ್ಲಿ ಪರಿಸರಕ್ಕೆ ಒದಗಿಬರುವ ಪ್ರಾಯೋಗಿಕ ವ್ಯವಸ್ಥೆಗಳೂ ಇವೆ. ಮೇವು, ಮರ, ಕಾಡುಪ್ರಾಣಿಗಳಿಗಾಗಿ ಕಾಯ್ದಿಟ್ಟ ಭೂಮಿ ‘ಹಿಮಾ’. ನೀರಿನ ಸೆಲೆಯ ಸುತ್ತಲಿನ ನಿಷಿದ್ಧ ವಲಯ ‘ಹರೀಮ್’. ಅರಬ್ಬೀ ಪ್ರದೇಶದಲ್ಲಿ ಹಿಂದೆ ವ್ಯಾಪಕವಾಗಿದ್ದು ಮರೆಯಾಗುತ್ತಿದ್ದ ಹಿಮಾವನ್ನು ಲೆಬನಾನಿನ ಪ್ರಕೃತಿ ಸಂರಕ್ಷಕರು 2004ರಿಂದ ಸ್ಥಳೀಯ ಪುರಸಭೆಗಳ ಜೊತೆಗೂಡಿ ಮತ್ತೆ ಜೀವಂತಗೊಳಿಸಿದರು. ತಾಂಜಾನಿಯದ ಪೆಂಬಾ ದ್ವೀಪದ ಬಳಿಯ ಮಿಸಾಲಿಯಲ್ಲಿ ಮೀನುಗಾರರು ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದುದರಿಂದ ಹವಳದ ದಂಡೆಗಳು ನುಚ್ಚುನೂರಾಗುತ್ತಿದ್ದವು. ಸರ್ಕಾರದ ನಿಷೇಧಕ್ಕೆ ಸಿಗದ ಮನ್ನಣೆ, ಇದು ಅಮಾನತ್ತಿಗೆ ಬಗೆದ ದ್ರೋಹವೆಂದು ಮಸೀದಿಗಳಲ್ಲಿ ಹೇಳಿದಾಗ ದೊರೆಯಿತು. ಇಂಡೊನೇಷ್ಯದ ಉಲೇಮಾ ಮಂಡಳಿ ಅಳಿವಿನಂಚಿನ ಪ್ರಾಣಿಗಳ ಬೇಟೆ ಮತ್ತು ಮಾರಾಟದ ವಿರುದ್ಧ 2014ರಲ್ಲಿ, ಕಾಡಿಗೆ ಬೆಂಕಿ ಹಚ್ಚುವುದರ ವಿರುದ್ಧ 2016ರಲ್ಲಿ ಫತ್ವಾ ಹೊರಡಿಸಿತು. ಮೊರಾಕ್ಕೊ 600 ಮಸೀದಿಗಳಿಗೆ ಸೌರಶಕ್ತಿ ಮತ್ತು ಮಿತ ವಿದ್ಯುತ್ ಬಳಕೆಯ ಸಲಕರಣೆಗಳನ್ನು ಅಳವಡಿಸುವ ಯೋಜನೆಯನ್ನು 2016ರಲ್ಲಿ ಪ್ರಕಟಿಸಿತು.

ಹಿಂದೂ ಪರಂಪರೆಗಳು

ಅಥರ್ವವೇದದ ಭೂಮಿಸೂಕ್ತ ಭೂಮಿಯನ್ನು ತಾಯಿಯೆಂದು ಸ್ತುತಿಸುತ್ತದೆ. ಪಂಚಭೂತ, ಋಣ, ಅಹಿಂಸೆ, ಯಜ್ಞದ ಕಲ್ಪನೆಗಳು ಹಿಂದೂ ಪರಿಸರ ಚಿಂತನೆಗೆ ತಳಹದಿ ಒದಗಿಸಿವೆ. ಆಚರಣೆಯ ಮಟ್ಟದಲ್ಲಿ ಅರಳಿ, ಬಿಲ್ವ, ಬನ್ನಿ, ತುಳಸಿ, ನಾಗರು, ಗೋವು, ನದಿ, ಬೆಟ್ಟ ಎಲ್ಲವೂ ಪೂಜೆಗೆ ಪಾತ್ರವಾಗಿವೆ. 2009 ಮತ್ತು 2015ರಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಹಿಂದೂ ಘೋಷಣೆಗಳೂ ಹೊರಬಂದವು. ಗಾಂಧಿಯವರ ಮಿತಬಾಳಿನ ಆದರ್ಶ ಉತ್ತರಾಖಂಡದ ಚಿಪ್ಕೊ ಚಳವಳಿಗೆ ಪ್ರೇರಣೆಯಾಯಿತು. 1974ರ ಮಾರ್ಚ್‌ನಲ್ಲಿ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಊರ ಹೆಂಗಸರು ಗುತ್ತಿಗೆದಾರರ ಆಳುಗಳನ್ನು ತಡೆದು ನಿಂತರು. ಚಿಪ್ಕೊ ಮುಂದಾಳು ಸುಂದರಲಾಲ ಬಹುಗುಣರ ಪ್ರಭಾವದಿಂದ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅದೇ ಕರ್ನಾಟಕದ ಅಪ್ಪಿಕೊ ಚಳವಳಿ.

ಪೂಜ್ಯತೆಯೊಂದೇ ರಕ್ಷಣೆಯಾಗದು ಎಂಬುದಕ್ಕೆ ಗಂಗೆಗಿಂತ ದೊಡ್ಡ ಸಾಕ್ಷಿ ಇಲ್ಲ. ಗಂಗಾಮಾತೆ ಎಲ್ಲ ಪಾಪವನ್ನೂ ತೊಳೆಯುವವಳು, ಅವಳನ್ನು ಯಾವ ಕೊಳೆಯೂ ಮುಟ್ಟದು ಎಂಬ ನಂಬಿಕೆಯೇ ಕೊಳೆಯ ಬಗ್ಗೆ ಭಕ್ತರನ್ನು ನಿಶ್ಚಿಂತರನ್ನಾಗಿಸಬಲ್ಲದು ಎಂಬುದನ್ನು ವಾರಾಣಸಿಯಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಕೆಲ್ಲಿ ಆ್ಯಲಿ ತೋರಿಸಿದ್ದಾರೆ. ಈ ಗಂಟನ್ನು ಬಿಡಿಸಲು ಜೀವಮಾನವಿಡೀ ಶ್ರಮಿಸಿದವರು ವೀರಭದ್ರ ಮಿಶ್ರ. ತುಳಸೀದಾಸರ ಪರಂಪರೆಯ ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. ಬೆಳಗಿನ ಗಂಗಾಸ್ನಾನವನ್ನು ಬಿಡಲಿಲ್ಲ, ಅದೇ ನೀರನ್ನು ಪರೀಕ್ಷಿಸುವುದನ್ನೂ ಬಿಡಲಿಲ್ಲ. 1982ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ ಮೂಲಕ ತುಳಸಿ ಘಾಟಿನಲ್ಲಿ ಪ್ರಯೋಗಾಲಯ ನಡೆಸಿ ನೀರಿನಲ್ಲಿನ ಮಲಜನ್ಯ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತ ಬಂದರು. ಭಾರತದ ಮಾನದಂಡದಂತೆ ಸ್ನಾನದ ನೀರಿನಲ್ಲಿ 100 ಮಿಲಿಲೀಟರಿಗೆ ಅವುಗಳ ಸಂಖ್ಯೆ ಹೆಚ್ಚೆಂದರೆ 2,500 ಇರಬಹುದು. ವಾರಾಣಸಿಯ ಎಣಿಕೆ ಅದನ್ನು ಎಷ್ಟೋ ಪಟ್ಟು ಮೀರಿರುತ್ತಿತ್ತು. 1986ರಲ್ಲಿ ಆರಂಭವಾದ ಗಂಗಾ ಕ್ರಿಯಾ ಯೋಜನೆಯ ಪಂಪುಗಳು ವಿದ್ಯುತ್ ಹೋದಾಗಲೆಲ್ಲ ನಿಂತು ಚರಂಡಿ ನೀರು ನೇರ ನದಿಗೆ ಹರಿಯುತ್ತದೆಂದು ಅವರು ಎಚ್ಚರಿಸಿದರು. ಇಳಿಜಾರಿನಲ್ಲಿ ತಾನಾಗಿ ಹರಿಯುವ ಕೊಳವೆ ಮತ್ತು ಶುದ್ಧೀಕರಣ ಕೊಳಗಳ ಬದಲಿ ಯೋಜನೆಯನ್ನೂ ಮುಂದಿಟ್ಟರು. ತಾಯಿ ಕೊಳಕಾಗಿದ್ದಾಳೆ ಎಂದರೆ ಭಕ್ತರು ನೊಂದುಕೊಳ್ಳುತ್ತಾರೆ, ತಾಯಿಯ ಮೈಮೇಲೆ ಕೊಳಕು ಸುರಿಯುತ್ತಿದ್ದೇವೆ ಎಂದರೆ ಕಿವಿಗೊಡುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. 2013ರಲ್ಲಿ ಅವರು ತೀರಿಕೊಂಡರು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿಯಾಗಿದ್ದ ಪ್ರಾಧ್ಯಾಪಕ ಜಿ.ಡಿ. ಅಗರವಾಲ್ ಸನ್ಯಾಸ ಸ್ವೀಕರಿಸಿ, ಗಂಗೆ ಅಣೆಕಟ್ಟುಗಳಿಲ್ಲದೆ ಹರಿಯಬೇಕೆಂದು 2018ರ ಜೂನ್ 22ರಂದು ಉಪವಾಸ ಕೂತರು. ಅಕ್ಟೋಬರ್ 11ರಂದು ಪ್ರಾಣಬಿಟ್ಟರು. ಹರಿದ್ವಾರದ ಮಾತೃಸದನದ ಸ್ವಾಮಿ ನಿಗಮಾನಂದರು 2011ರಲ್ಲಿ ನದಿಪಾತ್ರದ ಗಣಿಗಾರಿಕೆಯ ವಿರುದ್ಧ ಉಪವಾಸವಿದ್ದು ತೀರಿಕೊಂಡಿದ್ದರು.

ಜೈನ, ಬಿಷ್ಣೋಯಿ ಮತ್ತು ಸಿಖ್ ಪರಂಪರೆಗಳು

ಮಣ್ಣು, ನೀರು, ಗಾಳಿ, ಬೆಂಕಿ, ಸಸ್ಯಗಳಲ್ಲೂ ಜೀವವನ್ನು ಕಾಣುವ ಜೈನಧರ್ಮದಲ್ಲಿ ಅಹಿಂಸೆ ಮತ್ತು ಅಪರಿಗ್ರಹಗಳೇ ಪರಿಸರ ನೀತಿ. ಬೇಕಾದುದಕ್ಕಿಂತ ಹೆಚ್ಚು ಕೂಡಿಡದಿರುವ ಅಣುವ್ರತ ಶ್ರಾವಕರಿಗೂ ಅನ್ವಯಿಸುತ್ತದೆ. ಎಲ್.ಎಂ. ಸಿಂಘ್ವಿ ಸಿದ್ಧಪಡಿಸಿದ ಪ್ರಕೃತಿಯ ಕುರಿತ ಜೈನ ಘೋಷಣೆಯನ್ನು 1990ರಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು.

ರಾಜಸ್ಥಾನದ ಮರುಭೂಮಿಯಲ್ಲಿ ಗುರು ಜಂಭೇಶ್ವರರು 1485ರಲ್ಲಿ 29 ನಿಯಮಗಳನ್ನು ಕೊಟ್ಟು ಬಿಷ್ಣೋಯಿ ಪಂಥವನ್ನು ಸ್ಥಾಪಿಸಿದರು. ಹಸಿ ಮರ ಕಡಿಯಬಾರದು, ಪ್ರಾಣಿಗಳಲ್ಲಿ ದಯೆ ಇರಬೇಕು ಎಂಬವು ಆ ನಿಯಮಗಳಲ್ಲಿ ಸೇರಿವೆ. ಬರಗಾಲದ ಸೀಮೆಯಲ್ಲಿ ನೆರಳು, ಮೇವು, ಕಾಯಿ ಕೊಡುವ ಖೇಜ್ರಿ ಮರ ಉಳಿದರಷ್ಟೇ ಊರು ಉಳಿಯುತ್ತದೆ. 1730ರಲ್ಲಿ ಜೋಧಪುರದ ಅರಮನೆಯ ಕೆಲಸಕ್ಕಾಗಿ ಖೇಜಡ್ಲಿಯ ಮರ ಕಡಿಯಲು ಬಂದವರನ್ನು ಅಮೃತಾದೇವಿ ಮೊದಲಾಗಿ 363 ಜನ ಮರಗಳನ್ನು ತಬ್ಬಿ ತಡೆದು ಹತರಾದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಬಿಷ್ಣೋಯಿ ಹಳ್ಳಿಗಳಲ್ಲಿ ಕೃಷ್ಣಮೃಗ, ಚಿಂಕಾರಗಳು ಅಂಜದೆ ಮೇಯುತ್ತವೆ.

ಪಂಜಾಬಿನ ಕಾಲಿ ಬೇಇಂ ಸುಮಾರು 160 ಕಿ.ಮೀ. ಉದ್ದದ ಹೊಳೆ. ಸುಲ್ತಾನಪುರ ಲೋಧಿಯಲ್ಲಿ ಗುರು ನಾನಕರು ಇದರಲ್ಲಿ ಮುಳುಗಿ ಜ್ಞಾನೋದಯ ಪಡೆದು ಎದ್ದರೆಂಬುದು ಸಿಖ್ಖರ ನಂಬಿಕೆ. ಇಪ್ಪತ್ತನೆಯ ಶತಮಾನದ ಕೊನೆಗೆ ಇದು ಚರಂಡಿ ನೀರು, ಅಂತರಗಂಗೆ ಕಳೆ ತುಂಬಿದ ಕಾಲುವೆಯಾಗಿತ್ತು. 2000ದಲ್ಲಿ ಸಂತ ಬಲ್ಬೀರ್ ಸಿಂಗ್ ಸೀಚೆವಾಲ್ ತಾವೇ ನೀರಿಗಿಳಿದು ಕಳೆ ಕೀಳತೊಡಗಿದರು. ಗುರುದ್ವಾರದ ಕರಸೇವೆ ಹೊಳೆಯ ದಂಡೆಗೆ ಬಂತು. ಹಳ್ಳಿಹಳ್ಳಿಯಿಂದ ಜನ ಬುಟ್ಟಿ, ಸಲಿಕೆ ಹಿಡಿದು ಬಂದರು, ಲಂಗರದಿಂದ ಊಟ ಬಂತು. ಹಳ್ಳಿಗಳ ಕೊಳಚೆಯನ್ನು ಕೊಳಗಳಲ್ಲಿ ತಿಳಿಗೊಳಿಸಿ ಹೊಲಕ್ಕೆ ಹಾಯಿಸುವ ಏರ್ಪಾಡೂ ಆಯಿತು. ಪವಿತ್ರವೆಂಬ ಮಾತಿನ ಜೊತೆ ಸೇವೆಯ ಶಿಸ್ತು ಕೂಡಿದ್ದರಿಂದ ಹೊಳೆ ಮತ್ತೆ ಹರಿಯಿತು. 2009ರಲ್ಲಿ ಆರಂಭವಾದ ಇಕೋಸಿಖ್ ಸಂಸ್ಥೆ ಗುರು ನಾನಕರ 550ನೆಯ ಜಯಂತಿಯಿಂದ ಊರೂರಲ್ಲಿ ಗುರುವಿನ ಹೆಸರಿನ ಕಿರುವನಗಳನ್ನು ಬೆಳೆಸುತ್ತಿದೆ.

ಬೌದ್ಧ ಪರಂಪರೆಗಳು

ಎಲ್ಲವೂ ಪರಸ್ಪರ ಆಶ್ರಯದಿಂದ ಉಂಟಾಗಿದೆ ಎಂಬ ಪ್ರತೀತ್ಯಸಮುತ್ಪಾದ ತತ್ವವೂ ದುಃಖಕ್ಕೆ ತೃಷ್ಣೆ ಮೂಲವೆಂಬ ಬೋಧೆಯೂ ಬೌದ್ಧ ಪರಿಸರ ಚಿಂತನೆಯ ಅಡಿಪಾಯ. ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾಟ್ ಹಾನ್ ಈ ತತ್ವವನ್ನು ದಿನಬಳಕೆಯ ಎಚ್ಚರವಾಗಿ ಬೋಧಿಸಿದರು. ಅಮೆರಿಕದ ಜೊಅನಾ ಮೇಸಿ ಭೂಮಿಗಾಗಿ ಪಡುವ ಶೋಕವನ್ನು ಅದುಮದೆ ಹಂಚಿಕೊಂಡು ಕಾರ್ಯಕ್ಕೆ ತಿರುಗಿಸುವ ಶಿಬಿರಗಳನ್ನು ರೂಪಿಸಿದರು. ದಲೈ ಲಾಮಾ ಅವರು ಹುಲಿ, ಚಿರತೆಗಳ ಚರ್ಮ ತೊಡಬೇಡಿರೆಂದು ಕರೆಕೊಟ್ಟ ಮೇಲೆ 2006ರಲ್ಲಿ ಟಿಬೆಟಿನ ಹಲವು ಕಡೆ ಜನ ತಮ್ಮ ಬೆಲೆಬಾಳುವ ಚರ್ಮದುಡುಪುಗಳನ್ನು ಬಹಿರಂಗವಾಗಿ ಸುಟ್ಟರು.

ಥಾಯ್ಲೆಂಡಿನಲ್ಲಿ 1988ರ ನವೆಂಬರ್‌ನಲ್ಲಿ ದಕ್ಷಿಣದ ಬೋಳು ಬೆಟ್ಟಗಳಿಂದ ಕೆಸರೂ ದಿಮ್ಮಿಗಳೂ ಪ್ರವಾಹವಾಗಿ ಬಂದು ಊರುಗಳನ್ನು ಕೊಚ್ಚಿದವು. ಮರುವರ್ಷ ಸರ್ಕಾರ ಮರ ಕಡಿತವನ್ನು ನಿಷೇಧಿಸಿತು. ಅದೇ ಸುಮಾರಿಗೆ ಉತ್ತರದ ಫಯಾವೊ ಪ್ರಾಂತದಲ್ಲಿ ಫ್ರಖ್ರು ಮಾನಸ್ ನತೀಪಿತಕ್ ಎಂಬ ಭಿಕ್ಷು ಮರಗಳಿಗೆ ಕಾಷಾಯ ಬಟ್ಟೆ ಸುತ್ತಿ ದೀಕ್ಷೆ ಕೊಡುವ ವಿಧಿಯನ್ನು ಆರಂಭಿಸಿದರು. ನಾನ್ ಪ್ರಾಂತದ ಫ್ರಖ್ರು ಪಿತಕ್ ನಂತಖುನ್ ಅದನ್ನು ಊರಿನ ಸಮುದಾಯ ಅರಣ್ಯದ ಏರ್ಪಾಡಿನೊಡನೆ ಜೋಡಿಸಿದರು. ಸಂಘದ ನಿಯಮಾವಳಿಯಾದ ವಿನಯದ ಪ್ರಕಾರ ದೀಕ್ಷೆ ಮನುಷ್ಯರಿಗೆ ಮಾತ್ರ ಸಲ್ಲುತ್ತದೆಂಬುದು ಭಿಕ್ಷುಗಳಿಗೆ ತಿಳಿದೇ ಇತ್ತು. ಆದರೆ ಕಾಷಾಯ ಸುತ್ತಿದ ಮರಕ್ಕೆ ಕೊಡಲಿ ಹಾಕಲು ಯಾರ ಕೈಯೂ ಬಾರದು. ವಿಧಿಗೆ ಮುಂಚೆ ಊರವರ ಸಭೆ ನಡೆದು ಕಾಡಿನ ಗಡಿ, ನಿಷೇಧ, ಬಳಕೆಯ ನಿಯಮಗಳು ನಿರ್ಧಾರವಾಗುತ್ತಿದ್ದವು; ದೀಕ್ಷೆ ಆ ಒಪ್ಪಂದಕ್ಕೆ ಒತ್ತುವ ಮುದ್ರೆಯಾಗಿತ್ತು. ಬುರಿರಾಮ್ ಪ್ರಾಂತದಲ್ಲಿ ಕಾಡಿಗಾಗಿ ಹೋರಾಡಿದ ಭಿಕ್ಷು ಪ್ರಚಕ್ 1991ರಲ್ಲಿ ಬಂಧನಕ್ಕೊಳಗಾದರು.

ಪುಣ್ಯಕಾರ್ಯವೇ ಹಾನಿಯಾಗುವುದೂ ಉಂಟು. ಸೆರೆಯ ಪ್ರಾಣಿಗಳನ್ನು ಕೊಂಡು ಬಿಡುಗಡೆ ಮಾಡುವ ಪೂರ್ವ ಏಷ್ಯದ ಆಚರಣೆ ಪ್ರಾಣಿ ಹಿಡಿದು ಮಾರುವವರಿಗೆ ವ್ಯಾಪಾರವಾಗಿದೆ. ಕೆಂಪು ಕಿವಿಯ ಅಮೆರಿಕನ್ ಆಮೆಯಂಥ ಪರದೇಶದ ಜೀವಿಗಳು ಕೆರೆಕೊಳಗಳನ್ನು ಸೇರಿ ಸ್ಥಳೀಯ ಜೀವಿಗಳಿಗೆ ಎರವಾಗುತ್ತಿವೆ. ಹಲವು ಬೌದ್ಧ ಸಂಘಟನೆಗಳು ಈಗ ಈ ಬಗ್ಗೆ ತಿಳಿವಳಿಕೆ ನೀಡುತ್ತಿವೆ.

ತಾವೋ ಮತ್ತು ಶಿಂಟೊ

ಚೀನದ ತಾವೋ ದೇವಾಲಯಗಳು 2006ರಿಂದ ತೈಬಾಯ್ ಪರ್ವತದ ಬಳಿ ಪರಿಸರಸ್ನೇಹಿ ದೇವಾಲಯದ ಮಾದರಿಯೊಂದನ್ನು ಕಟ್ಟಿ ಒಂದು ಜಾಲವಾಗಿ ಬೆಳೆದವು. ಜಪಾನಿನಲ್ಲಿ ಶಿಂಟೊ ದೇಗುಲಗಳನ್ನು ಸುತ್ತುವರಿದ ವನಗಳು ನಗರಗಳ ನಡುವೆಯೂ ಉಳಿದಿವೆ. 1906ರಿಂದ ಸರ್ಕಾರ ಸಣ್ಣ ದೇಗುಲಗಳನ್ನು ವಿಲೀನಗೊಳಿಸಿ ಅವುಗಳ ಕಾಡು ಕಡಿಸತೊಡಗಿದಾಗ ಜೀವಶಾಸ್ತ್ರಜ್ಞ ಮಿನಕಾಟ ಕುಮಗುಸು ಕಟುವಾಗಿ ಪ್ರತಿಭಟಿಸಿದರು. ಮುಂದೆ ಸಸ್ಯವಿಜ್ಞಾನಿ ಅಕಿರ ಮಿಯಾವಾಕಿ ಇಂಥ ವನಗಳಲ್ಲೇ ಆಯಾ ಪ್ರದೇಶದ ಮೂಲ ಸಸ್ಯವರ್ಗವನ್ನು ಗುರುತಿಸಿ, ದಟ್ಟವಾಗಿ ನೆಟ್ಟು ಬೇಗ ಕಾಡು ಬೆಳೆಸುವ ತಮ್ಮ ವಿಧಾನವನ್ನು ರೂಪಿಸಿದರು. ಪಂಜಾಬಿನ ಗುರು ನಾನಕ ವನಗಳು ಬೆಳೆಯುತ್ತಿರುವುದೂ ಇದೇ ವಿಧಾನದಲ್ಲಿ. ಒಂದು ಧರ್ಮ ಕಾಯ್ದಿಟ್ಟ ಕಾಡಿನ ಪಾಠ ವಿಜ್ಞಾನದ ಮೂಲಕ ಮತ್ತೊಂದು ಧರ್ಮದ ಕೈಸೇರಿದೆ.

ಆದಿವಾಸಿ ಪರಂಪರೆಗಳು

ಆದಿವಾಸಿ ಸಮುದಾಯಗಳಲ್ಲಿ ದೇವರು, ಹಿರಿಯರು, ಬೆಟ್ಟ, ನದಿ, ಬೇಟೆ, ಬೇಸಾಯ ಒಂದೇ ನೇಯ್ಗೆಯ ಎಳೆಗಳು. ಒಡಿಶಾದ ನಿಯಮಗಿರಿ ಬೆಟ್ಟ ಡೊಂಗ್ರಿಯಾ ಕೊಂದರಿಗೆ ನಿಯಮರಾಜನ ನೆಲೆ. ಅದರ ನೆತ್ತಿಯ ಬಾಕ್ಸೈಟ್ ಮಳೆನೀರು ಹಿಡಿದಿಟ್ಟು ತೊರೆಗಳಿಗೆ ಕೊಡುತ್ತದೆ. ಅಲ್ಲಿ ಗಣಿ ತೆರೆಯುವ ಪ್ರಸ್ತಾಪ ಬಂದಾಗ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಜನರ ಧಾರ್ಮಿಕ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಆ ಬೇಸಿಗೆ ಕಳೆದು ನಡೆದ 12 ಗ್ರಾಮಸಭೆಗಳೂ ಗಣಿಯನ್ನು ಬೇಡವೆಂದವು.

ನ್ಯೂಜಿಲೆಂಡಿನ ಮಾವೊರಿಗಳು ತಮ್ಮ ಹಿರಿಯನೆಂದು ಕಾಣುವ ವಾಂಗನುಯಿ ನದಿಗೆ 2017ರಲ್ಲಿ ಕಾನೂನಿನ ವ್ಯಕ್ತಿತ್ವ ದೊರೆಯಿತು. ನದಿಯ ಪರವಾಗಿ ಮಾತಾಡಲು ಪ್ರತಿನಿಧಿಗಳೂ ನೇಮಕವಾದರು. ಅದೇ ವರ್ಷ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಗಳಿಗೂ ಅಂಥ ಸ್ಥಾನ ಕೊಟ್ಟಿತಾದರೂ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು. ಇಕ್ವೆಡಾರ್ 2008ರ ಸಂವಿಧಾನದಲ್ಲಿ ಪಚಮಾಮ ಎಂಬ ಭೂತಾಯಿಯ ಹಕ್ಕುಗಳನ್ನು ಒಪ್ಪಿಕೊಂಡಿತು. ಅಮೆರಿಕದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ 2016ರಲ್ಲಿ ಸಿಯೂ ಜನರು ತೈಲ ಕೊಳವೆಯ ವಿರುದ್ಧ ಪ್ರಾರ್ಥನಾ ಶಿಬಿರ ಹೂಡಿದರು. ಕೆನ್ಯದ ವಂಗಾರಿ ಮಾಥಾಯಿ 1977ರಲ್ಲಿ ಆರಂಭಿಸಿದ ಹಸಿರು ಪಟ್ಟಿ ಚಳವಳಿಯ ಹಿಂದೆ ಕಿಕುಯು ಜನ ಪವಿತ್ರವೆಂದು ಕಾಯುತ್ತಿದ್ದ ಅತ್ತಿಮರದ ನೆನಪಿತ್ತು. ಅಂಥ ಮರ ಕಡಿದ ಮೇಲೆ ತೊರೆ ಬತ್ತಿದ್ದನ್ನು ಅವರು ಬರೆದಿದ್ದಾರೆ.

ದೇವರಕಾಡುಗಳು

ಭಾರತದ ದೇವರಕಾಡುಗಳನ್ನು ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1970ರ ದಶಕದಲ್ಲಿ ವೈಜ್ಞಾನಿಕವಾಗಿ ಅಧ್ಯಯನ ಮಾಡಿದರು. ಕರ್ನಾಟಕದಲ್ಲಿ ಕೊಡಗಿನ ದೇವರಕಾಡು, ಮಲೆನಾಡಿನ ಕಾನು, ಕರಾವಳಿಯ ನಾಗಬನ ಈ ಬಗೆಯವು. ಸೊಪ್ಪು ತರಿಯಬಾರದು, ಚಪ್ಪಲಿ ಮೆಟ್ಟಿ ಒಳಹೋಗಬಾರದು, ಬಿದ್ದ ಮರವನ್ನೂ ಹೊರಗೊಯ್ಯಬಾರದು ಎಂಬಂಥ ಕಟ್ಟುಗಳು ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ. ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲಾಗಿವೆ. 1905ರಲ್ಲಿ ಇವುಗಳ ಹೊಣೆ ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದಾಗ 6,000 ಹೆಕ್ಟೇರಿಗೂ ಹೆಚ್ಚಿದ್ದ ವಿಸ್ತೀರ್ಣ 1985ರಲ್ಲಿ ಹಿಂದಿರುಗುವ ವೇಳೆಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಕಾಫಿ ತೋಟಗಳ ಒತ್ತುವರಿಯದು ಇದರಲ್ಲಿ ದೊಡ್ಡ ಪಾಲು. ಕರಾವಳಿಯಲ್ಲಿ ಅನೇಕ ನಾಗಬನಗಳ ಮರಬಳ್ಳಿ ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟಲಾಗಿದೆ. ಪೂಜೆ ವೈಭವದಿಂದ ನಡೆಯುತ್ತಿದ್ದರೂ ಬನವೇ ಇಲ್ಲ. ದೇವರು ಉಳಿದು ಕಾಡು ಅಳಿಯಬಹುದೆಂಬ ಈ ಎಚ್ಚರ ಭಕ್ತರಿಗೆ ಅಗತ್ಯ.

ಆಚರಣೆಗಳ ಮೇಲೆ ಬಿಕ್ಕಟ್ಟಿನ ಪರಿಣಾಮ

ಬಿಕ್ಕಟ್ಟು ಧರ್ಮಗಳ ಹೊಸ್ತಿಲೊಳಗೂ ಬಂದಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಕಳೇಬರದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ 1990ರ ದಶಕದಿಂದ ಭಾರತದಲ್ಲಿ ಅವುಗಳ ಸಂತತಿ ಶೇ 95ಕ್ಕೂ ಹೆಚ್ಚು ಕುಸಿಯಿತು. ಮುಂಬಯಿಯ ಪಾರ್ಸಿಗಳು ಶವಗಳನ್ನು ರಣಹದ್ದುಗಳಿಗೆ ಒಪ್ಪಿಸುವ ತಲೆತಲಾಂತರದ ಸಂಸ್ಕಾರ ನಡೆಯುವ ದಖ್ಮಾಗಳಲ್ಲಿ ಬಿಸಿಲನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಬೇಕಾಯಿತು. ಔಷಧಿಯ ಪಶುಬಳಕೆ 2006ರಲ್ಲಿ ನಿಷಿದ್ಧವಾಯಿತು. ಪೆರು ದೇಶದ ಕೊಯ್ಯುರ್ ರಿತಿ ಯಾತ್ರಿಕರು ಹಿಮನದಿಯಿಂದ ಪವಿತ್ರ ಮಂಜುಗಡ್ಡೆಯನ್ನು ಬೆನ್ನಮೇಲೆ ಹೊತ್ತು ಊರಿಗೆ ತರುತ್ತಿದ್ದರು. ಹಿಮ ಹಿಂಜರಿಯುತ್ತಿರುವುದನ್ನು ಕಂಡು ಆ ಪದ್ಧತಿಯನ್ನು ತಾವೇ ಕೈಬಿಟ್ಟರು. 2024ರ ಜೂನ್‌ನಲ್ಲಿ ಹಜ್ ಯಾತ್ರೆಯ ವೇಳೆ ಮೆಕ್ಕಾದ ಉಷ್ಣಾಂಶ 50 ಡಿಗ್ರಿ ಸೆಲ್ಸಿಯಸ್ ದಾಟಿ 1,300ಕ್ಕೂ ಹೆಚ್ಚು ಯಾತ್ರಿಕರು ಸತ್ತರು. ಗಣೇಶನ ಹಬ್ಬದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ, ರಾಸಾಯನಿಕ ಬಣ್ಣಗಳಿಂದ ಕೆರೆಗಳು ಕೆಡುವುದನ್ನು ತಡೆಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿ 2020ರಲ್ಲಿ ಬಿಗಿಗೊಳಿಸಿತು. ಮಣ್ಣಿನ ಗಣಪ ಮಣ್ಣಿಗೆ ಸೇರುವ ಹಳೆಯ ಕ್ರಮಕ್ಕೆ ಮರಳಿರೆಂಬುದು ಅದರ ಸಾರ.

ಟೀಕೆಗಳು ಮತ್ತು ಮೌಲ್ಯಮಾಪನ

ಮತಧರ್ಮಗಳು ಹಸಿರಾಗುತ್ತಿವೆ ಎಂಬ ಮಾತನ್ನು ಎಲ್ಲರೂ ಒಪ್ಪಿಲ್ಲ. ಅಮೆರಿಕದ ವಿದ್ವಾಂಸ ಬ್ರಾನ್ ಟೇಲರ್ ಮತ್ತು ಸಂಗಡಿಗರು ನೂರಾರು ಅಧ್ಯಯನಗಳನ್ನು ಪರಿಶೀಲಿಸಿ, 2016ರಲ್ಲಿ, ಅದಕ್ಕೆ ಗಟ್ಟಿ ಪುರಾವೆ ಸಿಗದೆಂದು ಬರೆದರು. ಅಮೆರಿಕದಲ್ಲಿ ಹೆಚ್ಚು ಧಾರ್ಮಿಕರಾದವರಿಗೆ ಹವಾಮಾನದ ಬಗ್ಗೆ ಆತಂಕ ಕಡಿಮೆಯೆಂದು ಪ್ಯೂ ಸಂಸ್ಥೆಯ 2022ರ ಸಮೀಕ್ಷೆ ಕಂಡುಕೊಂಡಿತು. ದೇವರು ಭೂಮಿಯನ್ನು ಕೆಡಲು ಬಿಡನೆಂದು ವಾದಿಸಿ ಹವಾಮಾನ ಕ್ರಮಗಳನ್ನು ವಿರೋಧಿಸುವ ಕ್ರೈಸ್ತ ಗುಂಪುಗಳೂ ಅಲ್ಲಿವೆ.

ಭಾರತದಲ್ಲಿ ಟೀಕೆಯ ದಿಕ್ಕು ಬೇರೆ. ರಾಮಚಂದ್ರ ಗುಹಾ 1989ರಲ್ಲಿ, ಪೂರ್ವದ ಧರ್ಮಗಳನ್ನು ಸಾರಾಸಗಟಾಗಿ ಪ್ರಕೃತಿಪ್ರಿಯವೆಂದು ಹೊಗಳುವ ಪಶ್ಚಿಮದ ಪರಿಸರವಾದಿಗಳು ಇಲ್ಲಿಯ ರೈತರ, ಕಾಡುವಾಸಿಗಳ ಬದುಕಿನ ಹೋರಾಟವನ್ನು ಮರೆಮಾಚುತ್ತಾರೆಂದು ತೋರಿಸಿದರು. ದಲಿತ ಚಿಂತನೆ ಇನ್ನೂ ಆಳದ ಪ್ರಶ್ನೆ ಕೇಳುತ್ತದೆ. ನೀರನ್ನು ದೇವತೆಯೆಂದು ಪೂಜಿಸಿದ ಸಮಾಜವೇ ಮನುಷ್ಯರನ್ನು ಕೆರೆಬಾವಿಗಳಿಂದ ದೂರ ಇಟ್ಟಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕಾಗಿ ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆಯಬೇಕಾಯಿತು. ಜಾತಿ ಮತ್ತು ಪ್ರಕೃತಿಯ ಸಂಬಂಧದ ಬಗ್ಗೆ ಮುಕುಲ್ ಶರ್ಮಾ 2017ರಲ್ಲಿ ಪ್ರಕಟಿಸಿದ ಗ್ರಂಥ ಈ ಎಳೆಯನ್ನು ವಿವರವಾಗಿ ಹಿಂಬಾಲಿಸಿದೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಡುವ ಪಾವಿತ್ರ್ಯವನ್ನು ಪರಿಸರ ಧರ್ಮವೆನ್ನಲಾಗದು.

ಈ ಟೀಕೆಗಳು ನ್ಯಾಯವಾದವು. ಆದರೂ ಧರ್ಮಗಳನ್ನು ಬದಿಗಿಟ್ಟು ಈ ಬಿಕ್ಕಟ್ಟನ್ನು ಎದುರಿಸುವುದು ಕಷ್ಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2017ರಲ್ಲಿ ಧರ್ಮಗಳೊಡನೆ ಕೆಲಸ ಮಾಡುವ ಯೋಜನೆಯನ್ನು ಆರಂಭಿಸಿದ್ದೂ, 2023ರ ದುಬೈ ಹವಾಮಾನ ಸಮ್ಮೇಳನದಲ್ಲಿ ಧರ್ಮಗಳಿಗೆ ಮೊದಲ ಬಾರಿ ಪ್ರತ್ಯೇಕ ಮಂಟಪ ಸಿಕ್ಕಿದ್ದೂ ಈ ಅರಿವಿನಿಂದಲೇ. ವಿಜ್ಞಾನ ಅಪಾಯವನ್ನು ಅಳೆದು ಹೇಳುತ್ತದೆ, ಕಾನೂನು ದಂಡ ವಿಧಿಸುತ್ತದೆ. ಕಾವಲುಗಾರ ಇಲ್ಲದಾಗಲೂ ಮನುಷ್ಯ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವಂತೆ ಮಾಡುವ ಶಕ್ತಿ ವ್ರತಕ್ಕಿದೆ. ಆ ವ್ರತ ಫಲ ಕೊಟ್ಟ ಜಾಗಗಳಲ್ಲಿ ಮೂರು ಲಕ್ಷಣಗಳು ಸಮಾನವಾಗಿವೆ: ಕಾಯಬೇಕಾದುದು ಹೆಸರಿರುವ ಒಂದು ಕಾಡು ಅಥವಾ ಒಂದು ಹೊಳೆ; ಬಳಕೆಗೆ ಎಲ್ಲರೂ ತಿಳಿದ ಮಿತಿ ಇದೆ; ಮಿತಿಯನ್ನು ಗೊತ್ತುಮಾಡುವಾಗ ಅಲ್ಲಿಯ ಬಡವರ ಮಾತೂ ನಡೆದಿದೆ. ಇಥಿಯೋಪಿಯದ ಚರ್ಚುಕಾಡುಗಳ ಪೌಳಿ, ನಾನ್ ಪ್ರಾಂತದ ದೀಕ್ಷೆ, ಕಾಲಿ ಬೇಇಂನ ಕರಸೇವೆ, ನಿಯಮಗಿರಿಯ ಗ್ರಾಮಸಭೆ ಇವೆಲ್ಲದರಲ್ಲಿ ಅವು ಕಾಣುತ್ತವೆ. ಈ ಮೂರು ಇಲ್ಲದ ಕಡೆ ಘೋಷಣೆ ಎಷ್ಟೇ ಉದಾತ್ತವಾಗಿರಲಿ, ನದಿ ಕೊಳಕಾಗಿಯೇ ಹರಿಯುತ್ತದೆ. ಇನ್ನು ಮುಂದೆ ಪ್ರತಿ ಧರ್ಮವೂ ತನ್ನ ಭಕ್ತರ ಮುಂದೆ ಇಡಬೇಕಾದ ಪ್ರಶ್ನೆ ಇದು: ನಿಮ್ಮ ಊರಿನಲ್ಲಿ ನೀವು ಕಾಯಲು ಒಪ್ಪಿಕೊಂಡಿರುವ ಜಾಗ ಯಾವುದು, ಅದಕ್ಕಾಗಿ ನೀವು ಬಿಟ್ಟುಕೊಡಲು ಸಿದ್ಧವಿರುವುದು ಏನು?